ಪಂಡಿತಾ ರಮಾಬಾಯಿಯವರ ಪಾದಯಾತ್ರೆ

ಸಹ್ಯಾದ್ರಿಯ ಮೇಲ್ಭಾಗದಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ, 1858ನೆಯ ಇಸವಿ ಏಪ್ರಿಲ್ 23ನೆಯ ದಿನ ಒಂದು ಹೆಣ್ಣುಮಗು ಜನಿಸಿತು. ಆ ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿಯೇ ತಂದೆತಾಯಿಗಳು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಡಬೇಕಾಯಿತು. ಕೂಸನ್ನು ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಅವರು ಬೆಟ್ಟವನ್ನಿಳಿದರು. ಹೀಗೆ ಪರರ ತಲೆಯ ಮೇಲೆ ಆರಂಭವಾದ ಆ ಯಾತ್ರೆಯು ಮುಂದೆ ಸ್ವಂತ ಕಾಲುಗಳ ಮೇಲೆ ಸಾಗಿ, ದಕ್ಷಿಣದೇಶದಿಂದ ಕಾಶ್ಮೀರದ ಕಡೆಗೂ ಅಲ್ಲಿಂದ ಕಲ್ಕತ್ತೆಗೂ ಮುಟ್ಟಿತು. ಬಳಿಕ ಸಮುದ್ರಗಳನ್ನು ದಾಟಿತು. ಆ ಕೂಸೇ ಪಂಡಿತಾ ರಮಾಬಾಯಿ ಸರಸ್ವತಿಯವರು.

ರಮಾಬಾಯಿಯವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ವಿಧವೆಯರಿಗೂ ಅನಾಥ ಬಾಲಿಕೆಯರಿಗೂ ಅವರು ಮಾಡಿದ ಉಪಕಾರವನ್ನು ಪ್ರಾರ್ಥನಾಕೂಟಗಳಲ್ಲಿ ಎಷ್ಟೋ ಸಾರಿ ಕೇಳಿದ್ದೇವೆ. ಆದರೆ ಅವರ ಜೀವಿತದ ಮೊದಲ ಇಪ್ಪತ್ತು ವರ್ಷಗಳು ಬಹುಮಟ್ಟಿಗೆ ನಡಿಗೆಯಲ್ಲಿಯೇ ಕಳೆದುಹೋದವೆಂಬುದನ್ನೂ, ಆ ನಡಿಗೆಯು ಅವರಿಗೆ ಏನನ್ನು ಕಲಿಸಿತೆಂಬುದನ್ನೂ ನಾವು ಅಷ್ಟಾಗಿ ಆಲೋಚಿಸಿಲ್ಲ. ಈಗ ಆ ಆಲೋಚನೆಗೆ ಕಾರಣವೊದಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಯ ಹೆಣ್ಣುಮಕ್ಕಳು ಹಿಮಾಲಯದ ಪರ್ವತಯಾತ್ರೆಗೆ ಹೋಗಬೇಕೆಂದು ಹಂಬಲಿಸುವ ಕಾಲವಿದು. ಮನೆಯಲ್ಲಿ ಈ ಮಾತನ್ನೆತ್ತಿದರೆ, ಹೆಣ್ಣುಮಗಳಿಗೆ ಅಂಥ ಸಾಹಸವೇಕೆಂದು ಕೆಲವು ತಾಯ್ತಂದೆಗಳು ಅಂಜುತ್ತಾರೆ. ಅಷ್ಟೇನು ಕಷ್ಟವೆಂದು ಮಕ್ಕಳು ಹಗುರವಾಗಿ ಎಣಿಸುತ್ತಾರೆ. ಇವರಿಬ್ಬರಿಗೂ ರಮಾಬಾಯಿಯವರ ಜೀವಿತದಲ್ಲಿ ಉತ್ತರವಿದೆ.

ಅವರ ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ಪಂಡಿತರು. ಪೇಶ್ವೆಯವರ ಅರಮನೆಯಲ್ಲಿ ಸ್ತ್ರೀಯೊಬ್ಬರಿಗೆ ತಮ್ಮ ಗುರುಗಳು ಸಂಸ್ಕೃತವನ್ನು ಬೋಧಿಸುತ್ತಿದ್ದುದನ್ನು ತಾರುಣ್ಯದಲ್ಲಿ ಕಂಡು, ತಮ್ಮ ಮನೆಯಲ್ಲಿಯೂ ಹಾಗೆಯೇ ಆಗಬೇಕೆಂದು ಬಯಸಿದರು. ತಮ್ಮ ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಅವರು ಪಾಠ ಹೇಳತೊಡಗಿದಾಗ ಬಂಧುಗಳು ವಿರೋಧಿಸಿದರು. ಉಡುಪಿಯಲ್ಲಿ ಕೂಡಿದ ವಿದ್ವಾಂಸರ ಸಭೆಯೆದುರಿಗೆ ಅವರು ತಮ್ಮ ಪಕ್ಷವನ್ನು ಶಾಸ್ತ್ರಪ್ರಮಾಣಗಳಿಂದ ಸಮರ್ಥಿಸಬೇಕಾಯಿತು. ಕಡೆಗೆ ಊರಿನ ಗೊಡವೆಯೇ ಬೇಡವೆಂದು ಕಾಡನ್ನು ಸೇರಿದರು. ಅರಣ್ಯದಲ್ಲಿ ಕಳೆದ ಮೊದಲ ರಾತ್ರಿ ಕಣಿವೆಯಾಚೆಯಿಂದ ಹುಲಿಯೊಂದು ಗರ್ಜಿಸುತ್ತಿರಲು, ಎಳೆಯ ಪತ್ನಿಯು ಹೊದಿಕೆಯಲ್ಲಿ ಮುದುಡಿ ನೆಲದ ಮೇಲೆ ಮಲಗಿದ್ದಳೆಂದೂ, ಪತಿಯು ಬೆಳಗಾಗುವವರೆಗೆ ಕಾವಲಿದ್ದರೆಂದೂ ಚರಿತ್ರಕಾರರು ಹೇಳುತ್ತಾರೆ. ಹೆಂಡತಿಗೆ ಓದು ಕಲಿಸುವುದಕ್ಕಾಗಿ ಒಬ್ಬ ಮನುಷ್ಯನು ಇಷ್ಟು ಬೆಲೆಯನ್ನು ತೆತ್ತನು.

ಆ ಕಾಡಿನ ಆಶ್ರಮಕ್ಕೆ ವಿದ್ಯಾರ್ಥಿಗಳೂ ಯಾತ್ರಿಕರೂ ಬರತೊಡಗಿದರು. ಬಂದವರೆಲ್ಲರಿಗೂ ಅನ್ನವಿಕ್ಕಿ ಶಾಸ್ತ್ರಿಗಳು ಸಾಲಗಾರರಾದರು, ಇದ್ದುದೆಲ್ಲವೂ ಕೈಬಿಟ್ಟಿತು. ಅಂದಿನಿಂದ ಆ ಕುಟುಂಬಕ್ಕೆ ನಿಂತ ಮನೆಯೆಂಬುದಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದುಹೋಗುವುದು, ದೇವಾಲಯದಲ್ಲಿ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟುದರಿಂದ ಜೀವಿಸುವುದು ಇದೇ ಅವರ ಬಾಳಾಯಿತು. ನಮ್ಮ ಸೀಮೆಯ ಜನರಿಗೆ ಇದು ತಿಳಿಯದ ಸಂಗತಿಯಲ್ಲ. ಪಂಢರಪುರಕ್ಕೆ ದಿಂಡಿಯೊಡನೆಯೂ, ಯುಗಾದಿಗೆ ಶ್ರೀಶೈಲಕ್ಕೂ ಬುತ್ತಿ ಕಟ್ಟಿಕೊಂಡು ನಡೆದುಹೋಗುವವರನ್ನು ನಾವು ಕಂಡಿದ್ದೇವೆ. ಆದರೆ ಅವರು ಹೋಗಿ ಮನೆಗೆ ಹಿಂದಿರುಗುವರು. ರಮಾಬಾಯಿಯವರಿಗೆ ಹಿಂದಿರುಗುವ ಮನೆಯೇ ಇರಲಿಲ್ಲ.

ಈ ನಡಿಗೆಯ ನಡುವೆಯೂ ಪಾಠವು ನಿಲ್ಲಲಿಲ್ಲ. ತಂದೆಯವರಿಗೆ ವಯಸ್ಸಾಗಿದ್ದುದರಿಂದ ಕಿರಿಯ ಮಗಳಿಗೆ ಕಲಿಸುವ ಕೆಲಸವು ತಾಯಿಯ ಪಾಲಿಗೆ ಬಂತು. ಬೆಳಗಿನ ಜಾವದಲ್ಲಿ, ಹಕ್ಕಿಗಳು ಉಲಿಯುವ ಹೊತ್ತಿಗೆ, ತಾಯಿಯು ನಿದ್ದೆಗಣ್ಣಿನ ಮಗುವನ್ನು ಮುದ್ದಿಸಿ ಎಬ್ಬಿಸಿ ಶ್ಲೋಕಗಳನ್ನು ಬಾಯಿಂದ ಬಾಯಿಗೆ ಹೇಳಿಕೊಡುವಳು. ಪುಸ್ತಕದ ಹೊರೆಯಿಲ್ಲ, ಹಲಗೆಯಿಲ್ಲ, ಮಣೆಯಿಲ್ಲ. ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ ಹೀಗೆ ಕಲಿತು, 18,000 ಶ್ಲೋಕಗಳುಳ್ಳ ಭಾಗವತವು ಬಾಲಕಿಗೆ ಕಂಠಪಾಠವಾಯಿತು. ನಡೆದ ನಾಡುಗಳ ಭಾಷೆಗಳೂ ಒಂದೊಂದಾಗಿ ನಾಲಗೆಗೆ ಬಂದವು; ಮನೆಮಾತಾದ ಮರಾಠಿಯ ಜೊತೆಗೆ ನಮ್ಮ ಕನ್ನಡವನ್ನೂ ಹಿಂದೂಸ್ಥಾನಿಯನ್ನೂ ಬಂಗಾಳಿಯನ್ನೂ ಅವರು ಬಲ್ಲವರಾದರು. ದೂರದ ದಾರಿಗೆ ಹೊರಡುವವರು ಹೊರಬಹುದಾದ ಅತಿ ಹಗುರವಾದ ಗಂಟು ವಿದ್ಯೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು.

ಆದರೂ ಈ ಶಿಕ್ಷಣದಲ್ಲಿ ಒಂದು ಕೊರತೆಯಿದ್ದಿತು. ಮಕ್ಕಳಿಗೆ ಶಾಸ್ತ್ರವು ತಿಳಿದಿತ್ತು, ಕೈಕೆಲಸವು ತಿಳಿದಿರಲಿಲ್ಲ. ದಕ್ಷಿಣದೇಶದಲ್ಲಿ ಬರಗಾಲವು ತಲೆದೋರಿದಾಗ ಈ ಕೊರತೆಯು ಪ್ರಾಣಾಂತಿಕವಾಯಿತು. ಇದ್ದ ಹಣವನ್ನು ದಾನಧರ್ಮಗಳಿಗೂ ದೇವಸೇವೆಗೂ ವೆಚ್ಚಮಾಡಿದ್ದರು. ಆಭರಣಗಳೂ ಪಾತ್ರೆಗಳೂ ಮಾರಿಹೋದವು. ದುಡಿಯಲು ಅರಿಯದು, ಬೇಡಲು ಮನಸ್ಸಿಲ್ಲ. ಕಾಡನ್ನು ಹೊಕ್ಕು ಹನ್ನೊಂದು ದಿನಗಳವರೆಗೆ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರಗಳಿಂದ ಜೀವ ಹಿಡಿದರು. 1874ರಲ್ಲಿ ವೃದ್ಧರಾದ ತಂದೆಯವರು ತೀರಿಕೊಂಡರು. ಅವರ ಹಿಂದೆಯೇ ತಾಯಿಯೂ ಹೋದರು. ತಾಯಿಯ ಶವವನ್ನು ಹೊರಲು ಇಬ್ಬರೇ ಬ್ರಾಹ್ಮಣರು ದೊರೆತುದರಿಂದ ಅಣ್ಣ ಶ್ರೀನಿವಾಸನೂ ರಮಾಬಾಯಿಯವರೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಅವರು ಕುಳ್ಳಾಗಿದ್ದುದರಿಂದ ತಮ್ಮ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತರು. ಕೆಲಕಾಲದಲ್ಲಿ ಅಕ್ಕ ಕೃಷ್ಣಾಬಾಯಿಯೂ ಕಾಲವಾದಳು. 1876ರಿಂದ ಮುಂದಿನ ಆ ಮಹಾಕ್ಷಾಮವು ನಮ್ಮ ಬೆಳಗಾವಿ ಜಿಲ್ಲೆಯನ್ನೂ ಬಿಡಲಿಲ್ಲ. ಹಸಿವೆಯೆಂದರೇನೆಂಬುದನ್ನು ಈ ಭಾಗದ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ.

ಉಳಿದವರು ಅಣ್ಣತಂಗಿಯರಿಬ್ಬರೇ. ಅವರು ದಕ್ಷಿಣದಿಂದ ಉತ್ತರಕ್ಕೆ ನಡೆಯತೊಡಗಿದರು. 1878ರಲ್ಲಿ ಕಲ್ಕತ್ತೆಯನ್ನು ಸೇರುವಷ್ಟರಲ್ಲಿ ಅವರು ನಡೆದ ದಾರಿಯು 4,000 ಮೈಲಿಗಳಿಗೂ ಮೀರಿತ್ತು. ಎಂದರೆ ಸುಮಾರು 6,400 ಕಿಲೋಮೀಟರು. ದಿನಕ್ಕೆ ಹತ್ತು ಮೈಲಿಯಂತೆ ಒಂದು ದಿನವೂ ಬಿಡದೆ ನಡೆದರೂ 400 ದಿನಗಳು ಬೇಕು ಎಂಬುದನ್ನು ನಮ್ಮ ಐದನೆಯ ಇಯತ್ತೆಯ ಹುಡುಗಿಯೂ ಲೆಕ್ಕಹಾಕಿ ಹೇಳಬಲ್ಲಳು. ಧರ್ಮಶಾಲೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಮರದ ಕೆಳಗೆ ಮಲಗುವರು. ಎಷ್ಟೋ ದಿನ ನೀರಿನಲ್ಲಿ ನೆನೆಸಿದ ಒಂದು ಹಿಡಿ ಕಾಳು, ಅದಕ್ಕಿಷ್ಟು ಉಪ್ಪು, ಇಷ್ಟೇ ಊಟ.

ಕಾಶ್ಮೀರದಿಂದ ಇಳಿದುಬರುವ ಝೇಲಂ ನದಿಯ ದಡದಲ್ಲಿ ಅವರಿಗೆ ಒದಗಿದ ಸಂಕಟವನ್ನು ಪರ್ವತಯಾತ್ರೆಗೆ ಹೊರಡುವ ಪ್ರತಿಯೊಬ್ಬ ಹುಡುಗಿಯೂ ತಿಳಿದಿರಬೇಕು. ಚಳಿಯು ಕಡುವಾಗಿತ್ತು, ಮೈಮೇಲೆ ಬೆಚ್ಚನೆಯ ಬಟ್ಟೆಯೆಂಬುದಿರಲಿಲ್ಲ. ಅಣ್ಣತಂಗಿಯರು ನದಿಯ ಮರಳಿನಲ್ಲಿ ಗೋರಿಯಂತಿರುವ ಎರಡು ಕುಣಿಗಳನ್ನು ತೋಡಿ, ಅವುಗಳಲ್ಲಿ ಮಲಗಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲವನ್ನೂ ಮರಳಿನಿಂದ ಮುಚ್ಚಿಕೊಂಡು ರಾತ್ರಿಯನ್ನು ಕಳೆದರು. ಅವರಲ್ಲಿ ಧೈರ್ಯದ ಕೊರತೆಯಿರಲಿಲ್ಲ, ನಡೆಯುವ ಶಕ್ತಿಯ ಕೊರತೆಯಿರಲಿಲ್ಲ, ವಿದ್ಯೆಯ ಕೊರತೆಯಂತೂ ಇರಲೇ ಇಲ್ಲ. ಇಲ್ಲದಿದ್ದುದು ಒಂದು ಕಂಬಳಿ. ಆ ಒಂದು ಕಂಬಳಿಯಿಲ್ಲದೆ ಇಬ್ಬರು ಬದುಕಿರುವಾಗಲೇ ಮಣ್ಣನ್ನು ಹೊದ್ದು ಮಲಗಬೇಕಾಯಿತು. ಅವರು ಸಿದ್ಧತೆಯಿಲ್ಲದೆ ಹೋದುದು ಉದಾಸೀನದಿಂದಲ್ಲ, ಬಡತನದಿಂದ. ನಮ್ಮ ಮಕ್ಕಳಿಗೆ ಆ ನೆಪವಿಲ್ಲ.

ಹಿಮಾಲಯವು ಯಾರ ಮುಖವನ್ನೂ ನೋಡುವುದಿಲ್ಲ. ಬರಿಗಾಲಿನಲ್ಲಿ ಅನೇಕ ಸಾರಿ ಟಿಬೆಟ್ಟಿನ ಕಡೆಗೆ ನಡೆದಿದ್ದ ಸಾಧು ಸುಂದರಸಿಂಗರು 1929ರ ಏಪ್ರಿಲಿನಲ್ಲಿ ಆ ದಾರಿಯನ್ನೇ ಹಿಡಿದು ಹೋದವರು ಹಿಂದಿರುಗಲಿಲ್ಲ. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು 1931ರಲ್ಲಿ ಕೈಲಾಸ ಮಾನಸಸರೋವರಗಳ ಯಾತ್ರೆಯನ್ನು ಪೂರೈಸಿ ಕ್ಷೇಮವಾಗಿ ಬಂದರು. 1984ರ ಮೇ 23ರಂದು ಬಚೇಂದ್ರಿ ಪಾಲ್ ಅವರು ಎವರೆಸ್ಟ್ ಶಿಖರವನ್ನೇರಿದ ಮೊದಲನೆಯ ಭಾರತೀಯ ಮಹಿಳೆಯಾದರು. ಆದುದರಿಂದ ಹೆಣ್ಣಿಗೆ ಪರ್ವತವು ಸಲ್ಲದೆಂಬ ಮಾತು ಈಗ ನಿಲ್ಲದು. ಆದರೆ ಗೋಕಾಕವು ಸಮುದ್ರಮಟ್ಟದಿಂದ ಸುಮಾರು 1,800 ಅಡಿ ಎತ್ತರದಲ್ಲಿದೆ. ನಮ್ಮ ಘಟಪ್ರಭೆಯು ಜಲಪಾತದಲ್ಲಿ ಧುಮುಕುವುದು 170 ಅಡಿ. ಹಿಮಾಲಯದ ಘಾಟುಗಳು 15,000 ಅಡಿಗಳನ್ನೂ ಮೀರುತ್ತವೆ. 18,000 ಅಡಿಗಳ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ. ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯುವು ಅಷ್ಟಕ್ಕಷ್ಟೇ ಕಡಿಮೆ.

ಆದಕಾರಣ ಸಿದ್ಧತೆಯು ಎರಡು ಬಗೆಯದು. ಊರಲ್ಲಿಯೇ ಆಗುವುದೊಂದು, ಪರ್ವತದ ಮೇಲೆಯೇ ಆಗಬೇಕಾದುದೊಂದು. ಕಾಲು, ಎದೆ, ಬೆನ್ನು ಇವುಗಳನ್ನು ಇಲ್ಲಿಯೇ ಪಳಗಿಸಬಹುದು. ಹೊರಡುವುದಕ್ಕೆ ಮೂರು ತಿಂಗಳು ಮುಂಚಿನಿಂದಲೇ ನಿತ್ಯವೂ ನಡೆದು, ವಾರಕ್ಕೊಮ್ಮೆ ಗುಡ್ಡವನ್ನು ಹತ್ತಿಳಿದು, ಬೆನ್ನಿನ ಗಂಟಿನ ತೂಕವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಬರಬೇಕು. ಹೊಸ ಬೂಟನ್ನು ಇಲ್ಲಿಯೇ ಮೆಟ್ಟಿ ಹದಮಾಡಿಕೊಳ್ಳಬೇಕು. ಘಾಟಿನ ಮೇಲೆ ಕಾಲು ಬೊಕ್ಕೆಯೆದ್ದರೆ ಅಲ್ಲಿ ಚಮ್ಮಾರನಿಲ್ಲ. ವೈದ್ಯರಿಂದ ಎದೆಯ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಒಂದೇ ದಪ್ಪನೆಯ ಉಡುಪಿಗಿಂತ ಒಂದರ ಮೇಲೊಂದಾಗಿ ತೊಡುವ ತೆಳುವಾದ ಉಡುಪುಗಳು ಲೇಸು; ಬೆವರಿದಾಗ ತೆಗೆದು, ಚಳಿಯಾದಾಗ ತೊಡಬಹುದು. ಒದ್ದೆಯ ಅರಿವೆಯಲ್ಲಿ ಎಂದಿಗೂ ಮಲಗಬಾರದು.

ಎರಡನೆಯದು ತಾಳ್ಮೆಯ ಸಿದ್ಧತೆ. ವಿರಳವಾದ ಗಾಳಿಗೆ ದೇಹವು ಹೊಂದಿಕೊಳ್ಳಲು ದಿನಗಳು ಬೇಕು. ಊರಿನಲ್ಲಿ ಎಷ್ಟೇ ನಡೆದರೂ ಅದು ಇಲ್ಲಿ ಬರುವಂತಿಲ್ಲ. 10,000 ಅಡಿಗಳನ್ನು ದಾಟಿದ ಮೇಲೆ ಇಂದಿನ ರಾತ್ರಿ ಮಲಗುವ ಸ್ಥಳವು ನಿನ್ನೆಯದಕ್ಕಿಂತ 500 ಮೀಟರುಗಳಿಗೆ, ಅಂದರೆ ಸುಮಾರು 1,600 ಅಡಿಗಳಿಗೆ, ಹೆಚ್ಚು ಎತ್ತರವಿರಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿಯಿರಬೇಕು. ತಲೆಶೂಲೆ, ವಾಂತಿ, ಓಲಾಡುವ ನಡಿಗೆ ಕಂಡರೆ ಅದನ್ನು ಸಂಗಾತಿಯರಿಂದ ಮುಚ್ಚಿಡದೆ ಹೇಳಬೇಕು. ಮೇಲಕ್ಕೆ ಹೋಗುವುದನ್ನು ನಿಲ್ಲಿಸಬೇಕು, ಹೆಚ್ಚಾದರೆ ಕೂಡಲೆ ಕೆಳಗಿಳಿಯಬೇಕು. ಬಲಿಷ್ಠೆಯಾದ ಹುಡುಗಿಗೂ ಇದು ತಪ್ಪಿದ್ದಲ್ಲ. ಇಳಿದುಬಂದವಳು ಸೋತವಳಲ್ಲ, ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಇನ್ನು ರಮಾಬಾಯಿಯವರ ಕಡೆಗೆ ತಿರುಗೋಣ. ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತು ವರ್ಷದ ಆ ಕನ್ಯೆಯನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನಿತ್ತರು. ಅಷ್ಟರಲ್ಲಿಯೇ, 1880ರಲ್ಲಿ, ನಾಲ್ಕು ಸಾವಿರ ಮೈಲಿಗಳ ಸಂಗಾತಿಯಾದ ಅಣ್ಣನು ತೀರಿಹೋದನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ರಮಾಬಾಯಿಯವರಿಗೆ ವಿವಾಹವಾಯಿತು. 1881ರಲ್ಲಿ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತಮೂರು ವರ್ಷದ ವಿಧವೆಯು ಕೈಗೂಸಿನೊಡನೆ ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಅದೇ ವರ್ಷ ಹಂಟರ್ ಕಮಿಷನ್ನಿನ ಮುಂದೆ ಹೆಣ್ಣುಮಕ್ಕಳಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ಸಾಕ್ಷಿ ನುಡಿದರು.

1883ರಲ್ಲಿ ವೈದ್ಯಶಾಸ್ತ್ರವನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿಯ ಮಂದತನವು ಆ ಆಶೆಗೆ ಅಡ್ಡಿಯಾಯಿತು. ದಾರಿ ಮುಚ್ಚಿತೆಂದು ಅವರು ಕುಳಿತುಬಿಡಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ ತಾವೂ ಕಲಿತರು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿ ಕ್ರಿಸ್ತನವರಾದರು. 1886ರಲ್ಲಿ ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವುದನ್ನು ನೋಡಲು ಅಮೇರಿಕೆಗೆ ಹೋಗಿ, ಅಲ್ಲಿ ಊರೂರು ತಿರುಗಿ ಹಿಂದೂಸ್ಥಾನದ ವಿಧವೆಯರ ಸ್ಥಿತಿಯನ್ನು ತಿಳಿಸಿದರು. ಬೋಸ್ಟನ್ನಿನ ಜನರು ಸಂಘವೊಂದನ್ನು ಕಟ್ಟಿ ಹತ್ತು ವರ್ಷಗಳ ಸಹಾಯವನ್ನು ಒಪ್ಪಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಬಂತು.

ಅಲ್ಲಿಯೂ ಹಾದಿಯು ಸಮವಾಗಿರಲಿಲ್ಲ. ಸದನದ ಹುಡುಗಿಯರಲ್ಲಿ ಕೆಲವರು ಕ್ರೈಸ್ತಮತದ ಕಡೆಗೆ ಒಲಿಯುತ್ತಿದ್ದಾರೆಂದು ಗದ್ದಲವೆದ್ದು, 1893ರಲ್ಲಿ ಅನೇಕ ಪಾಲಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು. ಮೊದಲಿನಿಂದಲೂ ಬೆಂಬಲಿಸಿದ್ದ ಹಿರಿಯರೂ ದೂರವಾದರು. ಪಾಲಕರ ಭಯವನ್ನು ನಾವು ಹಗುರವಾಗಿ ಕಾಣಬಾರದು. ಮಗಳು ತಮ್ಮಿಂದ ಅಗಲಿಹೋಗುವಳೆಂಬ ಭಯವು ಪ್ರೀತಿಯಿಂದಲೇ ಹುಟ್ಟಿದ್ದು. ರಮಾಬಾಯಿಯವರು ಆ ನಿಂದೆಯನ್ನು ಸಹಿಸಿ, ಉಳಿದವರೊಡನೆ ಕೆಲಸವನ್ನು ಮುಂದುವರಿಸಿದರು.

ಝೇಲಂ ದಡದ ಪಾಠವನ್ನು ಅವರು ಮರೆಯಲಿಲ್ಲವೆಂಬುದು ಇಲ್ಲಿಂದ ಮುಂದೆ ಸ್ಪಷ್ಟವಾಗುತ್ತದೆ. ಬೋಸ್ಟನ್ನಿನವರ ಹತ್ತು ವರ್ಷಗಳ ವಚನವು 1898ಕ್ಕೆ ಮುಗಿಯುವುದಿತ್ತು. ಅದನ್ನು ಮುಂಚೆಯೇ ಎಣಿಸಿ, ಪುಣೆಯಿಂದ 34 ಮೈಲಿ ದೂರದ ಕೇಡಗಾಂವಿನಲ್ಲಿ ಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. 1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲವೆಂದು ಕೇಳಿದಾಗ ಅವರ ತಂದೆತಾಯಿಗಳ ಸಾವು ಕಣ್ಮುಂದೆ ನಿಂತಿರಬೇಕು. ತಾವೇ ಹೋಗಿ ಹಸಿದ ವಿಧವೆಯರನ್ನೂ ಬಾಲಿಕೆಯರನ್ನೂ ಗುಂಪುಗುಂಪಾಗಿ ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭಯದಿಂದ ಅವರನ್ನು ಇರಗೊಡದಿರಲು, ಕೇಡಗಾಂವಿನ ಹೊಲವೇ ಆಶ್ರಯವಾಯಿತು. ಅದೇ ಮುಕ್ತಿ ಸದನ. 1900ರ ಗುಜರಾತದ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆಯು ಸಾವಿರವನ್ನೂ ಮೀರಿತು.

ಮುಕ್ತಿಯಲ್ಲಿ ಓದಿನೊಡನೆ ಕೈಕೆಲಸವು ಕಡ್ಡಾಯವಾಗಿತ್ತು. ನೇಯ್ಗೆ, ಹೊಲಿಗೆ, ಒಕ್ಕಲುತನ, ಹೈನು, ಗಾಣ, ಅಡಿಗೆ, ಅಚ್ಚುಕೂಟ ಇವೆಲ್ಲವನ್ನೂ ಹೆಣ್ಣುಮಕ್ಕಳೇ ನಡೆಯಿಸಿದರು. ಕುರುಡಿಯರು ಬ್ರೈಲ್ ಲಿಪಿಯನ್ನು ಓದಲೂ ಬುಟ್ಟಿ ಹೆಣೆಯಲೂ ಕಲಿತರು. ಶಾಸ್ತ್ರವನ್ನು ಬಲ್ಲ ಒಂದು ಕುಟುಂಬವು ದುಡಿಮೆಯನ್ನರಿಯದೆ ಹಸಿವೆಯಿಂದ ಸತ್ತುದನ್ನು ಕಂಡವರು, ತಮ್ಮ ಮಕ್ಕಳಲ್ಲಿ ಒಬ್ಬಳಿಗೂ ಅಂಥ ಗತಿಯು ಬರಬಾರದೆಂದು ಏರ್ಪಡಿಸಿದರು. ನಮ್ಮ ಕನ್ನಡನಾಡಿಗೂ ಆ ಬೆಳಕು ಹರಡಿತು. 1910ರ ಬಳಿಕ, ಆಗ ನಿಜಾಮರ ಸೀಮೆಯಾಗಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಪಾಠಶಾಲೆಯೊಂದು ಮುಕ್ತಿಯ ಕೈಯಿಂದ ತೆರೆಯಲು, ಮಗಳು ಮನೋರಮಾಬಾಯಿಯವರು ಅದರ ಮುಖ್ಯೋಪಾಧ್ಯಾಯಿನಿಯಾದರು.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಸಾಮಾನ್ಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರ ಜುಲೈಯಲ್ಲಿ ಒಬ್ಬಳೇ ಮಗಳು ಮನೋರಮೆಯು ಕರ್ತನಲ್ಲಿ ನಿದ್ರೆಹೋದಳು. ಆ ದುಃಖವನ್ನು ನುಂಗಿ ಭಾಷಾಂತರದ ಕೆಲಸವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ತಮ್ಮ ಯಾತ್ರೆಯನ್ನು ಮುಗಿಸಿದರು.

ತಾಯ್ತಂದೆಗಳಿರಾ, ಹೆಣ್ಣುಮಗಳು ದೂರ ನಡೆಯಬಲ್ಲಳೇ ಎಂಬ ಪ್ರಶ್ನೆಗೆ ಗಂಗಾಮೂಲದ ಈ ಮಗಳು ಸುಮಾರು ನೂರೈವತ್ತು ವರ್ಷಗಳ ಹಿಂದೆಯೇ ಉತ್ತರವಿತ್ತಿದ್ದಾಳೆ. ಉಳಿದಿರುವ ಪ್ರಶ್ನೆಯು ನಮ್ಮದು: ಆಕೆಯನ್ನು ನಾವು ಸಿದ್ಧಪಡಿಸಿ ಕಳುಹಿಸುವೆವೋ, ಬರಿಗೈಯಲ್ಲಿ ಕಳುಹಿಸುವೆವೋ? ಮಗಳನ್ನು ಮನೆಯಲ್ಲಿ ಕೂಡಿಹಾಕಿದರೆ ಆಕೆಗೆ ಚಳಿಯು ತಗಲದೆ ಇರಬಹುದು. ಆದರೆ ಬಾಳಿನಲ್ಲಿ ಬರಗಾಲವೂ ವಿಯೋಗವೂ ಬಾಗಿಲನ್ನು ತಟ್ಟದೆ ಇರುವುದಿಲ್ಲ. ಆಗ ಆಕೆಯ ಕಾಲಿಗೆ ಬಲವೂ, ಕೈಗೆ ಕೆಲಸವೂ, ಬಾಯಿಗೆ ವಿದ್ಯೆಯೂ, ಹೃದಯಕ್ಕೆ ದೇವರ ಭರವಸವೂ ಇರಬೇಕಾದರೆ ಇಂದೇ ತೊಡಗಬೇಕು. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮ ನಿಮ್ಮ ಊರುಗಳಲ್ಲಿ ಹೊರಡಲಿರುವ ಹುಡುಗಿಯರೊಡನೆ ವಾರಕ್ಕೊಂದು ದಿನ ನೀವೂ ನಡೆಯಿರಿ. ಅವರ ಗಂಟನ್ನು ಕಟ್ಟುವಾಗ ಹತ್ತಿರ ಕುಳಿತು ನೋಡಿರಿ. ಜೋಳದ ರೊಟ್ಟಿಯೂ ಕರದಂಟೂ ಎಲ್ಲ ತಾಯಂದಿರಿಗೂ ನೆನಪಾಗುವುವು. ಕಂಬಳಿಯನ್ನು ಮಾತ್ರ ಮರೆಯಬೇಡಿರಿ.